ಉಡಿಗೆ ಬಿದ್ದ ಸವೆದ ರೂಪಾಯಿ

ಚಿಲ್ಲರೆಯಲ್ಲಿ ಬರುವ ಸವೆದ ನಾಣ್ಯಗಳನ್ನು ತೆಗೆದಿಡುವ ಚಟ ನನಗೆ ಯಾವಾಗ ಅಂಟಿತೋ ಗೊತ್ತಿಲ್ಲ. ಬೆಲೆಬಾಳುವಂಥವೇನಲ್ಲ, ಎಲ್ಲರ ಕೈಯಲ್ಲಿ ಓಡಾಡಿ ದಣಿದಂಥವು. ಮುದ್ದೇಬಿಹಾಳದ ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಎರಡು ರೂಪಾಯಿಯ ಮೇಲೆ ಭಾರತದ ನಕ್ಷೆ ಅಳಿಸಿ ಬರೀ ಒಂದು ಉಬ್ಬು ಉಳಿದಿತ್ತು. ಸಿಂದಗಿಯ ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳು ಕೊಟ್ಟದ್ದರಲ್ಲಿ ಸಿಂಹಗಳಿಗೆ ಮುಖವೇ ಇರಲಿಲ್ಲ. ಬೆರಳಿಗೆ ಅವು ತೊಳೆದು ತೊಳೆದು ಕರಗಿದ ಸೋಪಿನ ಚೂರಿನಂತೆ ನುಣ್ಣಗೆ ತಾಗುತ್ತವೆ. ಬಾಗೇವಾಡಿಯ ನಮ್ಮ ಮನೆಯಲ್ಲಿ, ದೇವರ ಗೂಡಿನ ಪಕ್ಕದ ಹಲಗೆಯ ಮೇಲೆ, ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಅವನ್ನು ಇಡುತ್ತಿದ್ದೆ.

"ಕಾನ್ವೆಂಟ್ ಸಾಲಿ ಕಲ್ತಾಕಿ, ನಡೀಲಾರದ ರೊಕ್ಕಾ ಆರಸ್ಕೋತ ಕುಂಡ್ರತಾಳ ನೋಡ್ರಿ," ಎಂದು ಅತ್ತೆ ಬಂದವರ ಮುಂದೆ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಸಿಸ್ಟರುಗಳು ನಮಗೆ ಕಲಿಸಿದ್ದರಲ್ಲಿ ಹೆಚ್ಚು ಉಳಿದದ್ದು ಅದೇ, ಎದುರುತ್ತರ ಕೊಡದೆ ಮೆಲ್ಲಗೆ ನಗುವುದು.

ಡಬ್ಬಿಯಲ್ಲಿ ಒಂದು ಮಾತ್ರ ಚಿಲ್ಲರೆಯಲ್ಲಿ ಬಂದದ್ದಲ್ಲ. ಇಂಡಿ ಊರಿನ ನನ್ನ ತವರಿನಿಂದ ಹೊರಡುವಾಗ ಅವ್ವ ಉಡಿ ತುಂಬಿ, ಅಕ್ಕಿ, ಕೊಬ್ಬರಿ ಬಟ್ಟಲಿನ ಜೊತೆ ಸೆರಗಿಗೆ ಹಾಕಿದ ರೂಪಾಯಿ. ಎರಡೂ ಬದಿ ಬೋಳು, ಅಂಚಿನಲ್ಲಿ ಅಕ್ಕಿಕಾಳಿನಷ್ಟು ಒಂದು ಕಚ್ಚು. ಅಂಗಡಿಯವರು ಬೇಡವೆಂದ ನಾಣ್ಯ ಉಡಿಗೆ ಹೋಗುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಅವ್ವ ಆಡಿದ್ದಳು: "ಸವದದ್ದು ಹಾಕೀನಿ ಅಂತ ಬೈಬ್ಯಾಡ. ಚೊಲೋದು ಹಾಕಿದ್ರ ನೀ ಖರ್ಚ ಮಾಡಿಬಿಡ್ತಿ." ಅದೇ ಕೊನೆಯ ಉಡಿಯಾಯಿತು. ಅವಳ ಸೀರೆಗಳನ್ನು ಅಕ್ಕಂದಿರು ಹಂಚಿಕೊಂಡರು. ಅವಳದೆಂದು ನನ್ನಲ್ಲಿ ಉಳಿದದ್ದು ಆ ರೂಪಾಯಿ.

ಈ ಶ್ರಾವಣದಲ್ಲಿ ನಾದಿನಿಯ ಹೊಸ ಸೊಸೆ ಗಂಡನ ಬೈಕಿನ ಮೇಲೆ ಯಂಕಂಚಿಯಿಂದ ಮೊದಲ ಸಲ ನಮ್ಮ ಮನೆಗೆ ಬಂದಳು. ಬೆಳಗಿನಿಂದ ಹೂರಣ ಅರೆದು ನನ್ನ ಭುಜ ಬಿದ್ದುಹೋಗಿತ್ತು. ಅವಳು ಹೊರಡುವ ಹೊತ್ತಿಗೆ ಅತ್ತೆ ಮಣೆಯ ಮೇಲೆ ಕೂರಿಸಿ, ಉಡಿಯ ಸಾಮಾನು ಹಾಕಿ, "ಬಾರವಾ, ಅಕ್ಕಿ ನೀ ಹಾಕು," ಎಂದು ಕರೆದರು. ಬೊಗಸೆ ತುಂಬ ಅಕ್ಕಿ ತೆಗೆದುಕೊಂಡು ಬಾಗಿದೆ. ಅವಳ ಹಸಿರು ಸೆರಗಿನಲ್ಲಿ, ಮಡಿಸಿಟ್ಟ ಖಣದ ಮೇಲೆ, ಆ ಕಚ್ಚು ಕಾಣಿಸಿತು.

"ಅತ್ತಿ, ಈ ರೂಪಾಯಿ ಎಲ್ಲಿದು?"

"ನಿನ್ನ ಡಬ್ಬಿ ಒಳಗಿಂದ ತಗದೆ. ಉಡಿಗಂತ ಅಲ್ಲೇನ ನೀ ಕೂಡಿಡೂದು?"

ಅವರ ಮುಖದಲ್ಲಿ ಏನೂ ಕಪಟವಿರಲಿಲ್ಲ. ಅವರು ಕಂಡಂತೆ ಸವೆದ ನಾಣ್ಯಕ್ಕೆ ಬೇರೆ ಉಪಯೋಗವೇ ಇಲ್ಲ.

"ಇದು ಭಾಳ ಸವದೈತ್ರಿ. ಇದನ್ನ ತಗದು ಹೊಸಾದು ಹಾಕ್ತೇನಿ."

"ಏ ಹುಚ್ಚಿ! ಉಡಿಯಾಗ ಬಿದ್ದದ್ದು ಯಾರರೆ ತಗೀತಾರೇನ? ಹೊಸಾ ಮದಿವಿ ಹುಡುಗಿ!"

ಹುಡುಗಿ ಕಿಸಕ್ಕನೆ ನಕ್ಕಳು. "ಇರ್ಲಿ ಬಿಡ್ರಿ ಮಾಮಿ. ನಮ್ಮನ್ಯಾಗ ಇಂಥಾವು ಚರಿಗಿ ತುಂಬ ಅದಾವು. ಯಾರರೆ ಬಂದ್ರ ಅವ್ರ ಉಡಿಗೆ ಹಾಕಿ ಸಾಗ ಹಾಕ್ತೇವಿ."

ಹೊರಗೆ ಬೈಕಿನ ಹಾರ್ನ್ ಕೇಳಿಸಿತು. ಇದು ನಮ್ಮವ್ವನದು ಎಂದಿದ್ದರೆ ಆ ಹುಡುಗಿಯೇ ತೆಗೆದುಕೊಡುತ್ತಿದ್ದಳು. ಆದರೆ ಆಮೇಲೆ ಅವಳಿಗೊಂದು ಜ್ವರ ಬಂದರೂ ಉಡಿಯಿಂದ ತೆಗೆದ ರೂಪಾಯಿಯೇ ಎಲ್ಲರ ನೆನಪಿಗೆ ಬರುತ್ತದೆ. ಅವಳ ನೆನಪಿಗೂ. ಅವಳ ಕೊರಳಿನ ಕರಿಮಣಿಯ ದಾರ ಇನ್ನೂ ಮಾಸಿರಲಿಲ್ಲ.

ಅಕ್ಕಿ ಸುರಿದೆ. ಮೊದಲ ಬೊಗಸೆಗೆ ನಾಣ್ಯದ ಒಂದು ಅಂಚು ಕಾಣುತ್ತಲೇ ಇತ್ತು. ಎರಡನೆಯದಕ್ಕೆ ಮುಚ್ಚಿತು. ಹುಡುಗಿ ಸೆರಗು ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲಿಗೆ ನಮಸ್ಕರಿಸಿ ಹೋದಳು.

ಮಣೆಯ ಸುತ್ತ ಚೆಲ್ಲಿದ ಕಾಳುಗಳನ್ನು ಆರಿಸುತ್ತ ಕೂತೆ.

"ಮಾರಿ ಯಾಕ ಸಣ್ಣ ಮಾಡೀದಿ?" ಎಂದರು ಅತ್ತೆ.

"ಭುಜ ನೋಯಾಕತ್ತೈತ್ರಿ."

"ಹೂರಣ ರುಬ್ಬೀದ್ಯಲ್ಲ, ಅದಕ್ಕ. ಎದ್ದು ಚಾ ಮಾಡ್ಕೊಂಡು ಕುಡಿ, ಹಗರ ಆಕ್ಕೈತಿ. ನನಗೂ ಒಂದೀಟ ಇಡು. ಸಕ್ರಿ ಕಡಿಮಿ."

ಎದ್ದು ಒಲೆ ಹಚ್ಚಿದೆ. ಅವರಿಗೆ ಹೇಳಿಲ್ಲ. ಹೇಳಿದರೆ ಖಂಡಿತ ಅತ್ತುಬಿಡುತ್ತಾರೆ. ಆಮೇಲೆ ಅವರನ್ನು ಸಮಾಧಾನ ಮಾಡುವ ಕೆಲಸವೂ ನನ್ನದೇ. ಅಷ್ಟು ಶಕ್ತಿ ಆ ದಿನ ಇರಲಿಲ್ಲ, ಇವತ್ತಿಗೂ ಇಲ್ಲ.