ಹೊಟ್ಟೆಯೊಳಗಿನ ಹುಳ ಸಾಕಾಣಿಕೆ

ಹೋದ ಶನಿವಾರ ನನ್ನನ್ನು ತವರುಮನೆಯ ಅಂಗಳದಲ್ಲೇ ತಡೆದು ನಿಲ್ಲಿಸಲಾಯಿತು. ನಿಲ್ಲಿಸಿದ್ದು ಬೇರೆ ಯಾರೂ ಅಲ್ಲ, ಒಡಹುಟ್ಟಿದ ಅಣ್ಣ.

"ನಿಂತ್ಕೋ! ಸೆಂಟ್ ಹೊಡ್ಕೊಂಡು ಬಂದಿದೀಯೇನಮ್ಮ?"

ಹೊಡೆದುಕೊಂಡಿದ್ದೆ. ಚಿಕ್ಕಬಳ್ಳಾಪುರದಿಂದ ಸಾದಲಿಯವರೆಗೆ ಬಸ್ಸಿನಲ್ಲಿ ನಿಂತು ಬರುವವಳು ಇನ್ನೇನು ಮಾಡಬೇಕು? (ನೀವೂ ಒಮ್ಮೆ ಹಾಗೆ ಬಂದು ನೋಡಿ, ಆಮೇಲೆ ನನ್ನನ್ನು ಆಡಿಕೊಳ್ಳಿ.)

"ಹಂಗಾದ್ರೆ ಹುಳದ ಮನೆ ಕಡೆ ತಲೆ ಹಾಕ್ಬೇಡ. ಈಗ ತಾನೆ ನಾಲ್ಕನೇ ಜ್ವರ ಎದ್ದವೆ. ಆ ವಾಸನೆಗೆ ಮೇವು ಬಿಟ್ಟುಬಿಡ್ತವೆ."

(ಗಾಬರಿಯಾಗಬೇಡಿ. ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ.)

ನಮ್ಮಣ್ಣ ಮುನಿಕೃಷ್ಣಪ್ಪ ಹುಳ ಸಾಕುವುದರಲ್ಲಿ ಸುತ್ತಮುತ್ತ ಹೆಸರುವಾಸಿ. ಅವನ ಹುಳದ ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ನೆನೆಸಿದ ಗೋಣಿಚೀಲ ಇರುತ್ತದೆ. ಅದನ್ನು ತುಳಿಯದೆ ಸಾಕ್ಷಾತ್ ಮಂತ್ರಿಗಳು ಬಂದರೂ ಒಳಗೆ ಬಿಡುವುದಿಲ್ಲ. ಹುಳ ಕೆಡಿಸಿಕೊಂಡ ಅಂತ ಅವನನ್ನು ಯಾರೂ ಬೆರಳು ಮಾಡಿ ತೋರಿಸಿಲ್ಲ. ಅದೇ ಅವನ ಜಂಬ.

ಇರಲಿ, ನಾನು ಹೋದದ್ದು ಹುಳ ನೋಡುವುದಕ್ಕಲ್ಲ, ಅವನ ಮೊಮ್ಮಗನನ್ನು ನೋಡುವುದಕ್ಕೆ. ಎಂಟು ತಿಂಗಳ ಕೂಸು. ಮನೆಯೊಳಗೆ ಕಾಲಿಟ್ಟರೆ ಮಗುವಿನ ಕೋಣೆಯ ಹೊಸ್ತಿಲಲ್ಲೂ ಅದೇ ಗೋಣಿಚೀಲ, ಅದೇ ಘಾಟು!

ಮಗು ಮಂಚದ ಮೇಲಿತ್ತು. ಸುತ್ತ ದಿಂಬಿನ ಕೋಟೆ. ಅಂಬೆಗಾಲಿಡುವ ವಯಸ್ಸಿನಲ್ಲಿ ಪಾಪ, ಅದು ನೆಲವನ್ನೇ ಮುಟ್ಟಿಲ್ಲ. ಪಕ್ಕದ ಮನೆಯ ಮಕ್ಕಳು ಎತ್ತಿಕೊಳ್ಳುವ ಹಾಗಿಲ್ಲ. ನಾಯಿ ಬಾಗಿಲು ದಾಟುವ ಹಾಗಿಲ್ಲ. ಇಷ್ಟು ಕಾಪಾಡಿದ ಮಗು ಗುಂಡುಗುಂಡಾಗಿ ಇರಬೇಕಲ್ಲವೇ? ಕೈಕಾಲು ಕಡ್ಡಿ. ಕುಂಡಿ ಕೆಂಪಗೆ ಬೆಂದುಹೋಗಿದೆ.

"ಭೇದಿ ನಿಲ್ತಾನೇ ಇಲ್ಲ ಅತ್ತೆ," ಅಂದಳು ಅಣ್ಣನ ಸೊಸೆ ರೂಪಾ. "ಮಗು ಸೀನಿದ್ರೆ ಸಾಕು, ಮಾವ ಮೆಡಿಕಲ್ ಸ್ಟೋರಿಂದ ಆ್ಯಂಟಿಬಯೋಟಿಕ್ ತಂದುಬಿಡ್ತಾರೆ. ಇವತ್ತೂ ಹೊಸ ಬಾಟ್ಲು ತಂದವ್ರೆ. ಮೊನ್ನೆ ತೂಕ ಹಾಕಿಸಿದ್ರೆ ಇಳಿದೈತೆ. ನೀವಾದ್ರೂ ಹೇಳಿ." ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟಳು.

ನನಗೆ ಪಿತ್ತ ನೆತ್ತಿಗೇರಿತು. "ಏನಣ್ಣ ಇದು?"

"ರೋಗ ಬರೋಕೆ ಮುಂಚೇನೇ ಹೊಡೆದುಹಾಕ್ಬೇಕು ಕಣಮ್ಮ. ಒಂದು ಹುಳಕ್ಕೆ ರೋಗ ಬಂದ್ರೆ ಇಡೀ ತಟ್ಟೆ ಹೋಗ್ತೈತೆ."

"ಇದು ತಟ್ಟೆ ಅಲ್ಲಣ್ಣ, ತೊಟ್ಟಿಲು!"

ಬಾಟಲಿಯನ್ನು ಕಿತ್ತು ನನ್ನ ಬ್ಯಾಗಿಗೆ ತುರುಕಿದೆ. ಅಣ್ಣ, ಅತ್ತಿಗೆ, ರೂಪಾ, ಮಗು ಎಲ್ಲರನ್ನೂ ಒಂದು ಆಟೋದಲ್ಲಿ ತುಂಬಿಕೊಂಡು ಶಿಡ್ಲಘಟ್ಟದ ಮಕ್ಕಳ ಡಾಕ್ಟರ ಹತ್ತಿರ ಹೊರಟೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮಗುವನ್ನು ಪರೀಕ್ಷೆ ಮಾಡಿದರು. ಬಾಟಲಿಯನ್ನು ತಿರುಗಿಸಿ ನೋಡಿ, "ಇದನ್ನ ಯಾರು ಬರೆದುಕೊಟ್ಟಿದ್ದು?" ಅಂದರು. ಅಣ್ಣ ಫ್ಯಾನ್ ನೋಡತೊಡಗಿದ.

"ಮಗು ಹೊಟ್ಟೇಲಿ ಒಳ್ಳೇ ಬ್ಯಾಕ್ಟೀರಿಯಾ ಇರುತ್ವೆ ಯಜಮಾನ್ರೇ..."

"ಬ್ಯಾಕ್ಟೀರಿಯಾ ಒಳ್ಳೇದಾ?" ಅಣ್ಣನ ಮುಖ ನೋಡಬೇಕಿತ್ತು. ಜೇಬುಗಳ್ಳನನ್ನು ಬೀಗರೆಂದು ಪರಿಚಯ ಮಾಡಿಕೊಟ್ಟ ಹಾಗಿತ್ತು.

ಡಾಕ್ಟರಮ್ಮ ಸುಲಭ ಮಾಡಲು ಹೋದರು. "ಸರಿ, ಹುಳ ಅಂದ್ಕೊಳ್ಳಿ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ಹುಟ್ಟಿದಾಗಿಂದ ಹೊಟ್ಟೆ ಸೇರ್ಕೊಂಡು ಬೆಳೀತಾ ಹೋಗ್ತವೆ."

ಅಷ್ಟೇ ನೋಡಿ. ಆ ಒಂದು ಮಾತಿಗೆ ಗಂಡ ಹೆಂಡತಿ ಎರಡು ದಿಕ್ಕಾದರು.

ನಮ್ಮತ್ತಿಗೆ ಚಿಂತಾಮಣಿ ಕಡೆಯವರು, ಗಾಬರಿಯಾದರೆ ತೆಲುಗಿಗೆ ಇಳಿಯುತ್ತಾರೆ. "ಅಯ್ಯೋ ದೇವುಡಾ, ಕಡುಪುಲೋ ಪುರುಗುಲಾ! ಹೊಟ್ಟೆಹುಳದ ಮಾತ್ರೆ ಬರ್ಕೊಡಮ್ಮ. ಎಲ್ಲಾ ಸತ್ತು ಈಚೆ ಬಿದ್ದೋಗ್ಲಿ!"

ಅಣ್ಣ ಕುರ್ಚಿಯಿಂದ ಎದ್ದೇಬಿಟ್ಟ. "ಬಾಯ್ಮುಚ್ಚೇ! ಹುಳ ಸಾಯಿಸು ಅಂತೀಯಾ? ನಮ್ಮ ಮನೇಲಿ?"

ಡಾಕ್ಟರಮ್ಮ ನಗು ತಡೆದುಕೊಂಡರು. "ಅಮ್ಮಾ, ಇವು ಜಂತುಹುಳ ಅಲ್ಲ. ಇವು ಇರ್ಲೇಬೇಕು. ತಿಂದಿದ್ದು ಅರಗೋಕೂ ಬೇಕು, ಯಾವುದು ಶತ್ರು ಯಾವುದು ನೆಂಟ ಅಂತ ಮೈ ಕಲಿಯೋಕೂ ಬೇಕು. ಆ್ಯಂಟಿಬಯೋಟಿಕ್ ಬೇಕಾಗೋ ಕಾಯಿಲೆ ಬಂದ್ರೆ ನಾನೇ ಬರೀತೀನಿ, ಆಗ ತಪ್ಪದೆ ಕೊಡಿ. ಸುಮ್ಮನೆ ಶೀತಕ್ಕೆಲ್ಲ ಕೊಟ್ರೆ ಕೆಟ್ಟದ್ದರ ಜೊತೆ ಒಳ್ಳೇವೂ ಸಾಯ್ತವೆ. ಚಿಕ್ಕಂದಿನಲ್ಲೇ ಇವು ಹಾಳಾದ ಮಕ್ಕಳಿಗೆ ಮುಂದೆ ಅಲರ್ಜಿ, ಉಬ್ಬಸ ಜಾಸ್ತಿ ಬರಬಹುದು ಅಂತಾರೆ. ಪೂರ್ತಿ ಗೊತ್ತಾಗಿಲ್ಲ, ಇನ್ನೂ ಹುಡುಕ್ತಾ ಇದಾರೆ."

ಅಣ್ಣನ ಮುಖ ಸಣ್ಣಗಾಯಿತು. "ಅಂದ್ರೆ... ಹುಳ ಸಾಯಿಸಿದ್ದು ನಾನಾ ಡಾಕ್ಟ್ರಮ್ಮ?"

ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು. ಸೊಸೆಯ ಕಣ್ಣೀರಿಗೆ ಕರಗಲಿಲ್ಲ. ಮೊಮ್ಮಗ ಸೊರಗಿದ್ದಕ್ಕೆ ಹೆದರಲಿಲ್ಲ. ಹುಳ ಸತ್ತಿತು ಅಂದದ್ದಕ್ಕೆ ಕುಸಿದು ಕೂತನಲ್ಲ ಈ ಮಹರಾಯ! ಎದುರಿಗಿರುವ ಮಗು ಕಾಣದವನಿಗೆ ಕಣ್ಣಿಗೆ ಕಾಣದ ಹುಳ ಕಂಡಿತ್ತು.

ಸ್ವಲ್ಪ ಹೊತ್ತಿಗೆ ಸಾವರಿಸಿಕೊಂಡ. "ಮತ್ತೆ ಸಾಕ್ಬೋದಾ? ಮೊಟ್ಟೆ ಎಲ್ಲಿ ಸಿಗ್ತೈತೆ? ಯಾವ ಸೊಪ್ಪು ಹಾಕ್ಬೇಕು?"

"ಸೊಪ್ಪಲ್ಲ, ತಾಯಿ ಹಾಲು," ಅಂದರು ಡಾಕ್ಟರಮ್ಮ. "ಜೊತೆಗೆ ರಾಗಿ ಸರಿ, ಮೆತ್ತಗೆ ಕಿವುಚಿದ ಬೇಳೆ ಅನ್ನ, ಚೂರು ಮೊಸರು. ಭೇದಿಗೆ ಓಆರ್‌ಎಸ್ ಬರೆದಿದೀನಿ. ಸೋಪಲ್ಲಿ ಕೈ ತೊಳೀರಿ, ಮನೆ ಗುಡಿಸಿ ಒರೆಸಿ. ಅಷ್ಟು ಸಾಕು. ಬ್ಲೀಚಿಂಗ್ ಪೌಡರ್ ಬೇಡ. ಮಗೂನ ನೆಲಕ್ಕೆ ಬಿಡಿ, ಆಡಲಿ."

ಇದು ಸಾದಲಿಯ ಕಥೆ ಅಂತ ನಗಬೇಡಿ. ಚಿಕ್ಕಬಳ್ಳಾಪುರದ ನಮ್ಮ ಲೇಔಟಿಗೆ ಬಂದು ನೋಡಿ. ಮಗುವಿನ ತಳ್ಳುಗಾಡಿಗೆ ಗಿಲಕಿ ಬದಲು ಸ್ಯಾನಿಟೈಸರ್ ನೇತಾಡುತ್ತದೆ. ಮಗು ಮಣ್ಣು ಮುಟ್ಟಿದರೆ ಮನೆಮಂದಿಯೆಲ್ಲ ಹಾವು ಕಂಡ ಹಾಗೆ ಓಡಿ ಬರುತ್ತಾರೆ. ಅದೇ ಮನೆಯ ಫ್ರಿಜ್ಜಿನಲ್ಲಿ ಹೊಟ್ಟೆಗೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪುಟ್ಟ ಪುಟ್ಟ ಬಾಟಲಿಗಳು! ಒಂದು ಕೈಯಲ್ಲಿ ಕೊಲ್ಲುವುದು, ಇನ್ನೊಂದು ಕೈಯಲ್ಲಿ ಕೊಂಡು ತಂದು ಕುಡಿಸುವುದು. ಮನೆಯ ಮೊಸರು ಕೊಡ್ರಮ್ಮಾ ಅಂದರೆ, "ಅಯ್ಯೋ ಆಂಟಿ, ಶೀತ ಆಗಲ್ವಾ?" ಶೀತ ಆದರೆ ಇದ್ದೇ ಇದೆಯಲ್ಲ, ಮೆಡಿಕಲ್ ಸ್ಟೋರು.

ಮೊನ್ನೆ ಬೆಳಿಗ್ಗೆ ಅಣ್ಣನ ಫೋನು. ಹಲೋ ಇಲ್ಲ, ಕ್ಷೇಮ ಇಲ್ಲ.

"ಗಟ್ಟಿಯಾಗಿ ಹೋದ ಕಣಮ್ಮ!"

ಇಂಥ ಸುದ್ದಿಗೆ ಕುಣಿಯುವಷ್ಟು ಖುಷಿಯಾಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಭೇದಿ ನಿಂತು ಮಗು ನೆಲದ ಮೇಲೆ ಹರಿದಾಡುತ್ತಿದೆಯಂತೆ. ಬೋಗುಣಿ ಎಳೆದು ಮೈತುಂಬಾ ರಾಗಿ ಸರಿ ಬಳಿದುಕೊಂಡಿದೆಯಂತೆ. ರೂಪಾ ನಗುವುದು ಫೋನಿನಲ್ಲೇ ಕೇಳಿಸಿತು.

ಖುಷಿಯಲ್ಲಿದ್ದಾನೆ, ಸುಮ್ಮನಿರಬಹುದಿತ್ತು. ನನ್ನ ನಾಲಿಗೆ ಕೇಳಬೇಕಲ್ಲ?

"ಅಣ್ಣ, ನಿನ್ನ ರೇಷ್ಮೆ ಹುಳಕ್ಕೆ ಔಷಧಿ ಹಾಕೋಕೆ ಮುಂಚೆ ಯಾರ್ನ ಕೇಳ್ತೀಯ?"

"ರೇಷ್ಮೆ ಇಲಾಖೆ ಸಾಹೇಬ್ರನ್ನ. ಅವರನ್ನ ಕೇಳ್ದೆ ಒಂದು ಚಿಟಿಕೆನೂ ಹಾಕಲ್ಲ. ಹೆಚ್ಚುಕಮ್ಮಿ ಆಗಿ ಹುಳ ಹೋದ್ರೆ ಗೂಡು ಎಲ್ಲಿಂದ ಬರ್ತೈತಮ್ಮ, ದುಡ್ಡು ಎಲ್ಲಿಂದ ಬರ್ತೈತೆ?"

"ಮತ್ತೆ ಮಗೂಗೆ ಯಾಕೆ ಯಾರನ್ನೂ ಕೇಳ್ಲಿಲ್ಲ?"

ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು ಅಂತ ಫೋನಿಟ್ಟ.

ಏನು ಹೇಳಿಯಾನು ಬಿಡಿ, ನಮ್ಮ ಮಕ್ಕಳಿಗೆ ಗೂಡು ಕಟ್ಟುವುದಕ್ಕೆ ಬರುವುದಿಲ್ಲವಲ್ಲ?