ಜೋರಾಗಿ ಓದಿ, ಅಕ್ಕ

ಉತ್ತರಹಳ್ಳಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರ್ ಆಂಟಿಗೆ ಕಂಪ್ಯೂಟರ್ ಅಂದರೆ ಹಾಲ್‌ನಲ್ಲಿ ಬಟ್ಟೆ ಹೊದಿಸಿ ಇಡುವ ವಸ್ತು. ಗಲ್ಫಿನಲ್ಲಿದ್ದ ಮಗಳ ಮುಖ ನೋಡಿಕೊಂಡು ಮಾತಾಡಬಹುದು ಎಂದು ಯಾರೋ ಹೇಳಿದ್ದಕ್ಕೆ ತಂದಿಟ್ಟಿದ್ದರು. ತಂದ ಮೇಲೆ ಗೊತ್ತಾಯಿತು, ಆ ದೇಶದಲ್ಲಿ ಇಂಟರ್ನೆಟ್ಟಿನಲ್ಲಿ ಮಾತಾಡುವುದನ್ನೇ ಬಂದ್ ಮಾಡಿದ್ದಾರೆ ಎಂದು. ಗೆಳೆಯ ಗೆಳತಿಯರೆಲ್ಲ ಫೋಟೋ ಹಾಕಿ ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಿದ್ದ ಆ ಕಾಲದ ವೆಬ್‌ಸೈಟೂ ಅಲ್ಲಿ ತೆರೆಯುತ್ತಿರಲಿಲ್ಲ. ಕೆಲವರು ಏನೇನೋ ಕಳ್ಳದಾರಿ ಹಿಡಿದು ನೋಡುತ್ತಿದ್ದರಂತೆ. ಅಳಿಯನಿಗೆ ವೀಸಾ ಹೋದೀತೆಂಬ ಭಯ, ಅದರ ತಂಟೆಗೇ ಹೋಗಬೇಡ ಅಂದಿದ್ದ. ಹಾಗಾಗಿ ಮಗಳು ಕಂಡುಕೊಂಡ ದಾರಿ ನಾನು.

ನಾನು ಗದಗಿನ ಕಡೆಯವಳು. ಜಯನಗರದ ಒಂದು ಆಫೀಸಿನಲ್ಲಿ ಟೈಪಿಂಗ್ ಕೆಲಸ, ಇವರ ಮಹಡಿಯ ಮೇಲೊಂದು ರೂಮು. ಓನರ್ ಮನೆಯವರು ಕೆಟ್ಟವರಲ್ಲ. ರಾಗಿ ಬೆಳೆಯುತ್ತಿದ್ದ ಹೊಲ ಲೇಔಟ್ ಆದ ಮೇಲೆ ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆಯವರನ್ನು ಮನೆಯವರ ಹಾಗೇ ನೋಡುತ್ತಿದ್ದರು, ಅಂದರೆ ಹೊತ್ತುಗೊತ್ತಿಲ್ಲದೆ ಕೆಲಸ ಹೇಳುತ್ತಿದ್ದರು.

ಶುಕ್ರವಾರ ಅಲ್ಲಿ ರಜೆ. ಸಂಜೆ ಫೋನ್ ಬಂತೆಂದರೆ ಆಂಟಿ ಮೆಟ್ಟಿಲ ಬುಡದಿಂದ ಕೂಗುವರು. ನಾನು ಇಳಿದು ಬಂದು, ಮಗಳ ಪಾಸ್‌ವರ್ಡ್ ಹಾಕಿ, ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಅವಳಿಗೆ ಬಂದದ್ದನ್ನೆಲ್ಲ ಓದಿ ಹೇಳಬೇಕು. ಅವಳು ಹೇಳಿದ ಉತ್ತರವನ್ನು ಟೈಪ್ ಮಾಡಬೇಕು. ಲೈನು ಯಾವಾಗಲೂ ಗೊರಗೊರ. "ಜೋರಾಗಿ ಓದಿ ಅಕ್ಕ, ಏನೂ ಕೇಳಿಸ್ತಿಲ್ಲ" ಅನ್ನುವಳು. ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಪೇಪರ್ ಓದುತ್ತಿದ್ದವಳು ನಾನು. ಜೋರಾಗಿ ಓದುವುದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ.

ಅವರೆಕಾಯಿಯ ಕಾಲ. ಆ ಶುಕ್ರವಾರ ಅಕ್ಕಪಕ್ಕದ ಹೆಂಗಸರು ಆಂಟಿಯ ಜೊತೆ ಹಾಲ್‌ನಲ್ಲೇ ನೆಲದ ಮೇಲೆ ಕೂತು, ನೆನೆಸಿದ ಕಾಳನ್ನು ಹಿತುಕಿ ಬೇಳೆ ಮಾಡುತ್ತಿದ್ದರು. ಮಾತು, ನಗು, ನಡುನಡುವೆ ಸಿಪ್ಪೆ ಹಾರುವುದು. ಮಗಳ ಕಾಲೇಜಿನ ಗೆಳತಿ, ಯಡಿಯೂರಿನವಳು, ಉದ್ದಕ್ಕೆ ಬರೆದಿದ್ದಳು. ಯಾರು ಬರೆದದ್ದೆಂದು ಹೆಸರು ಹೇಳಿ, ಇಂಗ್ಲಿಷ್ ಅಕ್ಷರದ ಕನ್ನಡವನ್ನು ಬಿಡಿಸಿಕೊಳ್ಳುತ್ತಾ ನಾನು ಓದಲು ಶುರು ಮಾಡಿದೆ.

"ನಮ್ಮವರಿಗೆ ಪುಣೆಗೆ ಟ್ರಾನ್ಸ್‌ಫರ್ ಆಗಿದೆ, ಅದಕ್ಕೇ ಅಮ್ಮನ ಮನೇಲಿದ್ದೀನಿ ಅಂತ ಎಲ್ಲರಿಗೂ ಹೇಳಿದ್ದೀನಿ ಕಣೇ. ಸುಳ್ಳು. ಅವರು ನನ್ನ ಬಿಟ್ಟಿದ್ದಾರೆ. ತಂಗಿಗೆ ಗಂಡು ಗೊತ್ತಾಗಿದೆ. ಅವಳ ಮದುವೆ ಆಗೋವರೆಗೂ ಇದು ಹೊರಗೆ ಬರಬಾರದು. ನಿನಗೊಬ್ಬಳಿಗೇ ಹೇಳ್ತಿರೋದು."

ಎರಡನೆಯ ಸಾಲಿಗೇ ನಿಲ್ಲಿಸಬಹುದಿತ್ತು. "ಇಲ್ಲೆ ಮಂದಿ ಅದಾರ್ರೀ, ಆಮ್ಯಾಲೆ ಹೇಳ್ತೀನಿ" ಅಂದಿದ್ದರೆ ಮುಗಿಯುತ್ತಿತ್ತು. ಬೆನ್ನ ಹಿಂದೆ ಮಾತು ನಿಂತದ್ದು ನನಗೆ ಗೊತ್ತಾಗಿತ್ತು. ಹೇಳಲು ನಾಚಿಕೆಯಾಗುತ್ತದೆ, ಅವರು ಕೇಳುತ್ತಿದ್ದಾರೆಂದೇ ನಾನು ಇನ್ನಷ್ಟು ಚೆನ್ನಾಗಿ ಓದಿದೆ. "ಅವರು ನನ್ನ ಬಿಟ್ಟಿದ್ದಾರೆ" ಎಂಬಲ್ಲಿ ಕೊಂಚ ತಡೆದು, ದನಿಗೆ ದುಃಖವನ್ನೂ ತಂದುಕೊಂಡೆ. ಬಾಡಿಗೆಯವಳ ಮಾತಿಗೆ ಆ ಹಾಲ್‌ನಲ್ಲಿ ಅಷ್ಟು ಕಿವಿ ಕೊಟ್ಟದ್ದು ಅದೇ ಮೊದಲು. ನೆನೆದರೆ ಈಗಲೂ ಮೈ ಹಿಡಿಯಷ್ಟಾಗುತ್ತದೆ.

ಆ ಕಡೆ ಮಗಳು ಅಳುತ್ತಿದ್ದಳು. ಅವಳ ಫೋನ್ ಕಾರ್ಡಿನ ದುಡ್ಡು ಮುಗಿದು ಲೈನು ಕಡಿಯಿತು. ಈ ಕಡೆ ಒಬ್ಬಾಕೆ ಕೈಯಲ್ಲಿ ಕಾಳು ಹಿಡಿದುಕೊಂಡೇ ಕೇಳಿದಳು, "ಅಯ್ಯೋ, ಆ ಹುಡುಗೀನಾ? ಅವಳ ತಂಗೀನೇ ಅಲ್ವಾ ನಮ್ಮ ಓರಗಿತ್ತಿ ಅಣ್ಣನ ಮಗನಿಗೆ ಗೊತ್ತು ಮಾಡಿರೋದು?"

ಉತ್ತರಹಳ್ಳಿಯ ಹಳೇ ಮನೆಗಳಿಗೂ ಯಡಿಯೂರಿಗೂ ಹೆಣ್ಣು ಕೊಟ್ಟು ತಂದ ಸಂಬಂಧ ಎಂಬುದು ನನಗೇನು ಗೊತ್ತು? ಬೇಳೆ ಬೇಯುವ ಮೊದಲೇ ಸುದ್ದಿ ಬೆಂದಿತ್ತು. ದೊಡ್ಡ ಮಗಳ ವಿಷಯ ಮುಚ್ಚಿಟ್ಟರೆಂದು ಗಂಡಿನ ಕಡೆಯವರು ಮಾತು ಮುರಿದರು. ಅದನ್ನೂ ಅದೇ ಹೆಂಗಸು ಬಂದು ಹೇಳಿ ಹೋದಳು.

ಆಮೇಲೊಂದು ಶುಕ್ರವಾರ ತೆರೆದರೆ ಆ ಗೆಳತಿಯದು ಎರಡೇ ಸಾಲು. ಹಾಲ್‌ನಲ್ಲಿ ಆಂಟಿ ಮತ್ತು ನಾನು ಮಾತ್ರ. ಮೆಲ್ಲಗೆ ಓದಿದೆ. "ಜೋರಾಗಿ ಓದಿ ಅಕ್ಕ" ಅಂದಳು ಮಗಳು. ಮತ್ತೆ ಓದಿದೆ.

"ತಂಗಿ ಊಟ ಬಿಟ್ಟು ಮಲಗಿದ್ದಾಳೆ. ನಾನು ಹೇಳಿದ್ದು ನಿನಗೊಬ್ಬಳಿಗೆ, ನೀನು ಯಾರಿಗೆ ಹೇಳ್ದೆ?"

ಮಗಳು ಅಂದಳು, "ನಾನು ನಮ್ಮ ಯಜಮಾನ್ರಿಗೂ ಹೇಳಿಲ್ಲ ಅಕ್ಕ. ಅವತ್ತು ಅಲ್ಲಿ ಬೇರೆ ಯಾರಾದ್ರೂ ಇದ್ರಾ?"

ಆಂಟಿಗೆ ಫೋನಿನ ಮಾತು ಕೇಳಿಸಿರಲಾರದು, ನನ್ನ ಮುಖ ನೋಡಿಯೇ ತಿಳಿದಿರಬೇಕು. ಹೇಳಬೇಡ ಎಂದು ಕೈಯಾಡಿಸಿದರು. ಓನರ್ ಹೇಳಿದರು, ನಾನೇನು ಮಾಡಲಿ ಎಂದು ಅವರ ಮೇಲೆ ಹಾಕಿಬಿಡುವುದು ಸುಲಭ. ಆದರೆ ಅವರ ಕೈ ಮೇಲೇಳುವ ಮೊದಲೇ ನನ್ನ ಬಾಯಿಂದ ಬಂದಾಗಿತ್ತು: "ಇಲ್ರೀ, ಆಂಟಿ ಒಬ್ಬರ ಇದ್ರು."

"ಅಮ್ಮ ಯಾರಿಗೂ ಹೇಳಲ್ಲ" ಅಂದಳು. "ಬರೀರಿ ಅಕ್ಕ. ನಾನು ಯಾರಿಗೂ ಹೇಳಿಲ್ಲ ಕಣೇ, ನನ್ನ ಮಗು ಆಣೆಗೂ ಹೇಳಿಲ್ಲ ಅಂತ ಬರೀರಿ."

ಹಿಂದಿನ ರಜೆಗೆ ಬಂದಿದ್ದಾಗ ಆ ಮಗು ನನ್ನ ತೊಡೆಯ ಮೇಲೇ ನಿದ್ದೆ ಹೋಗುತ್ತಿತ್ತು. ಆಣೆಯನ್ನು ಟೈಪ್ ಮಾಡಿದೆ. ತಪ್ಪಿಲ್ಲದೆ ಬಂದಿದೆಯೇ ಎಂದು ಒಮ್ಮೆ ನೋಡಿ ಕಳಿಸಿದೆ.

ಮುಂದಿನ ವಾರ ತೆರೆದಾಗ ಮಗಳ ಗೆಳತಿಯರ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ. ಹೇಳಿದೆ. ಮಗಳಿಗೆ ಮೊದಲು ನಂಬಿಕೆಯಾಗಲಿಲ್ಲ, ಮತ್ತೊಮ್ಮೆ ನೋಡಿ ಅಂದಳು. ನೋಡಿದೆ, ಇಲ್ಲ ಅಂದೆ. ಅವಳಿಗೆ ಸಿಟ್ಟು ಬಂತು.

"ಮಗು ಮೇಲೆ ಆಣೆ ಇಟ್ರೂ ನಂಬ್ಲಿಲ್ಲ ನೋಡಿ ಅಕ್ಕ. ಎಂಥಾ ಹುಡುಗಿ!"

"ಹೌದ್ರೀ" ಅಂದೆ ನಾನು.