ದೊಡ್ಡಮ್ಮನಿಗೆ ಕೊಟ್ಟ ಸೊಪ್ಪು

ಹೆದ್ದಾರಿ ಮೇಲೂರಿನ ಕಡೆಗೆ ಬಂದ ಮೇಲೆ ನಮ್ಮೂರಿನವರ ಬಾಯಲ್ಲಿ ಹೊಲದ ಮಾತು ಹೋಗಿ ಸೈಟಿನ ಮಾತು ಬಂತು. ನಾನೂ ಅವರಲ್ಲೊಬ್ಬ. ನನ್ನ ಹಿಪ್ಪುನೇರಳೆ ತೋಟವನ್ನು ಲೇಔಟಿನವರಿಗೆ ಬರೆದುಕೊಟ್ಟೆ. ಅಲ್ಲಿ ಒಂದು ಮನೆಯೂ ಎದ್ದಿರಲಿಲ್ಲ, ಸಿಂಹದ ಮುಖದ ಕಮಾನು ಮಾತ್ರ ಎದ್ದಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಕಮಾನಿಗೂ ಹೆದ್ದಾರಿಗೂ ನಡುವೆ ನಮ್ಮ ದೊಡ್ಡಮ್ಮನ, ಅಂದರೆ ನನ್ನಪ್ಪನ ಅಣ್ಣನ ಹೆಂಡತಿಯ, ಅರ್ಧ ಎಕರೆ ಹಿಪ್ಪುನೇರಳೆ ಸೊಪ್ಪಿನ ತೋಟ ಅಡ್ಡವಾಗಿತ್ತು. ಅದು ಸಿಕ್ಕಿದರೆ ಲೇಔಟಿಗೆ ನೇರ ದಾರಿ. ಕೊಡಿಸುವ ಹೊಣೆ ನನ್ನದು, ಕೊಡಿಸಿದರೆ ನನಗೊಂದು ಮೂಲೆ ಸೈಟು. ದೊಡ್ಡಮ್ಮ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಗಂಡ ತೀರಿಕೊಂಡು ತವರಿಗೆ ಮರಳಿದ ಮಗಳ ಜೊತೆ ರೇಷ್ಮೆ ಹುಳ ಸಾಕಿಕೊಂಡೇ ಬದುಕುತ್ತಿದ್ದವಳು. "ಹುಳ ನನ್ನ ಕೈಬಿಡೋವರ್ಗೂ ತೋಟ ಬಿಡಲ್ಲ ಕಣೋ. ಇನ್ನೊಂದ್ಸಲ ಕೇಳ್ಬೇಡ," ಅಂದಳು.

ಆ ಸಲದ ಬೆಳೆಯಲ್ಲಿ ಹುಳ ನಾಲ್ಕನೇ ಜ್ವರ ಎದ್ದಿತ್ತು. ಹುಳ ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೆಯದು ಮುಗಿದರೆ ಅದಕ್ಕೆ ಬಕಾಸುರನ ಹೊಟ್ಟೆ, ಹಗಲೂ ರಾತ್ರಿ ಸೊಪ್ಪು ಸುರಿಯಬೇಕು. ರಸ್ತೆ ಕೆಲಸದ ಧೂಳು ಕೂತು ದೊಡ್ಡಮ್ಮನ ಸೊಪ್ಪು ಅರ್ಧ ಕೆಟ್ಟಿತ್ತು. ನಾನು ಮಾರಿದ ತೋಟದಲ್ಲಿ ಗಿಡಗಳನ್ನು ಇನ್ನೂ ಕಿತ್ತಿರಲಿಲ್ಲ. ಒಂದು ಬೆಳಿಗ್ಗೆ ದೊಡ್ಡಮ್ಮ ಬಂದು ನನ್ನ ಅಂಗಳದಲ್ಲಿ ನಿಂತಳು.

"ಎರಡು ದಿನಕ್ಕಾಗೋಷ್ಟು ಸೊಪ್ಪು ಕೊಡಪ್ಪ. ಹಸ್ಕೊಂಡು ಕೂತವೆ."

ಹುಳಕ್ಕೆ ಸೊಪ್ಪು ಕೇಳಿದವರಿಗೆ ಇಲ್ಲ ಅನ್ನಬಾರದು, ಅದು ನಮ್ಮ ಕಡೆಯ ರೂಢಿ. ಔಷಧಿ ಹೊಡೆದಿದೆಯಾ ಅಂತ ಕೇಳಿಯೇ ಕುಯ್ಯಬೇಕು, ಅದೂ ರೂಢಿ. ಆದರೆ ಮನೆಯವರನ್ನೇ ಹಾಗೆ ಕೇಳುವುದು ಅವಮಾನ ಮಾಡಿದಂತೆ. ದೊಡ್ಡಮ್ಮ ಕೇಳಲಿಲ್ಲ. ಸೈಟು ನೋಡಲು ಬರುವವರಿಗೆ ಸೊಳ್ಳೆ ಕಚ್ಚಬಾರದೆಂದು ಲೇಔಟಿನವರು ಹಿಂದಿನ ಸಂಜೆಯಷ್ಟೇ ಆ ಗಿಡಗಳಿಗೆಲ್ಲ ಔಷಧಿ ಹೊಡೆಸಿದ್ದರು. ನಾನು ಮೂಗಿಗೆ ಟವೆಲ್ ಕಟ್ಟಿಕೊಂಡು ಪಕ್ಕದಲ್ಲೇ ನಿಂತಿದ್ದೆ. ಮರೆತಿದ್ದೆ ಎಂದು ಬರೆದರೆ ನಿಮಗೂ ಹಿತ, ನನಗೂ ಹಿತ. ಮರೆತಿರಲಿಲ್ಲ.

"ಕುಯ್ಕೊಂಡು ಹೋಗು ದೊಡ್ಡಮ್ಮ, ಕೇಳೋದೇನಿದೆ," ಅಂದೆ. ಸೊಪ್ಪಿನ ಹೊರೆಯನ್ನು ಅವಳ ತಲೆಗೆ ಎತ್ತಿಕೊಟ್ಟವನೂ ನಾನೇ.

ಮಾರನೇ ದಿನ ಹುಳಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತ ಹಸಿರು ನೀರು ಕಾರುತ್ತಿದ್ದವು. ಸಂಜೆಗೆ ಒಂದೂ ಉಳಿಯಲಿಲ್ಲ. ಜನ ಸೇರಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ನಾನಲ್ಲ. ನನ್ನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ದೊಡ್ಡಮ್ಮ ಮಗಳ ಕಡೆ ತಿರುಗಿದಳು. ಮುಟ್ಟಾದವರು ಹುಳದ ಮನೆಗೆ ಕಾಲಿಡಬಾರದು, ಮಗಳು ಅವತ್ತು ಮುಟ್ಟಾಗಿದ್ದಳು.

"ಗಂಡನ್ನ ತಿಂದೆ. ಈಗ ನನ್ನ ಹುಳಾನೂ ತಿಂದ್ಯೇನೇ?"

"ಹೊಸ್ಲೂ ದಾಟಿಲ್ಲಮ್ಮ, ನಿನ್ನಾಣೆ."

ವಾರದೊಳಗೆ ಮಗಳು ಮನೆ ಬಿಟ್ಟಳು. ಮುರುಗಮಲ್ಲದ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದಳು. ದೊಡ್ಡಮ್ಮ ತಾನಾಗಿಯೇ ನನ್ನ ಬಳಿ ಬಂದು, "ಹುಳ ಕೈಬಿಡ್ತು. ತೋಟ ತಗೊಳ್ಳಪ್ಪ," ಅಂದಳು. ನನಗೆ ಖುಷಿಯಾಯಿತು. ನಾಚಿಕೆ ಆಮೇಲೆ ಬಂತು, ಅದೂ ಬಹಳ ದಿನ ನಿಲ್ಲಲಿಲ್ಲ.

ತೋಟದ ಮೇಲೆ ಡಾಂಬರು ಬಿದ್ದ ತಿಂಗಳು ಆ ತಂಗಿ, ದೊಡ್ಡಮ್ಮನ ಮಗಳು, ಫೋನ್ ಮಾಡಿದಳು. "ಅಣ್ಣಾ, ನಾನು ಒಳಗೆ ಹೋಗಿರ್ಲಿಲ್ಲ ಅಂತ ಅಮ್ಮಂಗೆ ಒಂದ್ಮಾತು ಹೇಳು. ನೀನು ಹೇಳಿದ್ರೆ ನಂಬ್ತಾಳೆ."

"ಹೇಳ್ತೀನಿ ಕಣಮ್ಮ," ಅಂದೆ. ಹೇಳಲಿಲ್ಲ.

ಹೋದ ವರ್ಷ ದೊಡ್ಡಮ್ಮ ಹಾಸಿಗೆ ಹಿಡಿದಳು. ಹೋಗುವ ಮುಂಚೆ ನನ್ನ ಕೈ ಹಿಡಿದು, ಮಗಳು ತನ್ನ ಹೆಣ ಮುಟ್ಟಕೂಡದು ಎಂದು ಮಾತು ತೆಗೆದುಕೊಂಡಳು. ಆ ಮಾತು ಉಳಿಸಿಕೊಂಡೆ. ಮೊದಲ ಬಸ್ಸಿಗೇ ಬಂದ ತಂಗಿಯನ್ನು ಬಾಗಿಲಲ್ಲೇ ತಡೆದೆ.